ಪಡುವಣ ಸಾಲಿನ ಈಚಲು

ಬೊಮ್ಮಗಿರಿಯ ರಾಜಬೀದಿ ಪ್ರತಿದಿನವೂ ಸೂರ್ಯೋದಯಕ್ಕೆ ಮುನ್ನ ಈಚಲ ಪೊರಕೆಗಳ ಸದ್ದಿನಿಂದಲೇ ಎಚ್ಚರಗೊಳ್ಳುತ್ತಿತ್ತು. ಆಸ್ಥಾನದಲ್ಲಿ ಹಾಸಿದ್ದುದು ಈಚಲ ಚಾಪೆ, ಪೇಟೆಯಲ್ಲಿ ಧಾನ್ಯ ತುಂಬಿದ್ದುದು ಈಚಲ ಬುಟ್ಟಿಯಲ್ಲಿ. ಇವೆಲ್ಲವನ್ನೂ ಕೊಟ್ಟು, ಕಲ್ಲಿನ ಗೋಡೆಯಿಲ್ಲದ ಪಡುವಣ ದಿಕ್ಕಿಗೆ ಮುಳ್ಳಿನ ಕೋಟೆಯಾಗಿಯೂ ನಿಂತಿದ್ದುದು ಒಂದೇ ಈಚಲ ವನ. ಅದನ್ನು ಕಾಯುವ ಹೆಗ್ಗಡೆ ಎರೆಯಣ್ಣನ ಕಟ್ಟಳೆ ಬಿಗಿಯಾಗಿತ್ತು: ಕೆಳಗಿನ ಗರಿ ಕೊಯ್ಯಬಹುದು, ಮರದ ಜೀವವಿರುವ ನೆತ್ತಿಯ ಸುಳಿಯನ್ನು ಮುಟ್ಟಬಾರದು, ಈ ವರ್ಷ ಕೊಯ್ದ ಮರಕ್ಕೆ ಮುಂದಿನ ವರ್ಷ ಬಿಡುವು.

ಕಾರ್ತಿಕದಲ್ಲಿ ದಂಡನಾಯಕ ಬಾಚರಸನ ಆಳುಗಳು, ರಾಜಕುಮಾರಿಯ ವಿವಾಹದ ಚಪ್ಪರಕ್ಕೆಂದು ಹೇಳಿ, ವನದ ಹೊರಅಂಚಿನಿಂದ ಒಳಅಂಚಿನವರೆಗೆ ಹಾಯುವ ಒಂದೇ ಸಾಲಿನ ಮುನ್ನೂರು ಮರಗಳ ಬಿಳಿಯ ಸುಳಿಗಳನ್ನು ಕಿತ್ತೊಯ್ದರು. ಎರೆಯಣ್ಣನು ಅರಸ ಕೇತಭೂಪನ ಸನ್ನಿಧಿಗೆ ಧಾವಿಸಿದನು.

"ಮಹಾಪ್ರಭು, ಆ ಸಾಲು ಸತ್ತಿದೆ. ಒಣಗಿದ ಮೇಲೆ ಒಂದು ಕಿಡಿ ಬಿದ್ದರೆ ಶತ್ರುವಿಗೆ ದಾರಿಯಾಗುತ್ತದೆ. ದಂಡನಾಯಕರು ಬೇಕೆಂದೇ ಮಾಡಿಸಿದ್ದಾರೆ."

ಬಾಚರಸನು ನಕ್ಕನು. "ಪ್ರಭುಗಳು ಉಪ್ಪರಿಗೆಯಿಂದ ಒಮ್ಮೆ ನೋಡೋಣವಾಗಲಿ."

ಅರಸನು ನೋಡಿದನು. ಮರಗಳು ಹಚ್ಚಹಸಿರಾಗಿದ್ದವು. ಸುಳಿ ಹೋದ ಈಚಲು ತಿಂಗಳುಗಟ್ಟಲೆ ಹಾಗೆಯೇ ಹಸಿರಾಗಿ ನಿಂತಿರುತ್ತದೆಂದು ಎರೆಯಣ್ಣನು ಎಷ್ಟು ಹೇಳಿದರೂ ಸಭೆ ನಂಬಲಿಲ್ಲ. ಈಚಲ ಚಾಪೆಯ ಮೇಲೆ ಸುಖವಾಗಿ ಕುಳಿತಿದ್ದ ಆ ಮಹನೀಯರಲ್ಲಿ ಒಬ್ಬನೂ ಒಂದು ಗರಿ ಕೊಯ್ದವನಲ್ಲ. ದಂಡನಾಯಕನ ಮೇಲೆ ಸುಳ್ಳು ದ್ರೋಹ ಹೊರಿಸಿದವನ ಬಲಗೈ ಕಡಿಯುವುದು ಆ ರಾಜ್ಯದ ಶಿಕ್ಷೆಯಾಗಿತ್ತು.

ಭಟರು ಎಳೆದೊಯ್ಯುವಾಗ ಎರೆಯಣ್ಣನು ಅರಸನಿಗೆ ಮಾತ್ರ ಕೇಳುವಂತೆ ನುಡಿದನು: "ಕೈ ಹೋಗಲಿ ಪ್ರಭು. ಮಾಘ ಮುಗಿಯುವವರೆಗೆ ನಿಮ್ಮ ಅಂಗರಕ್ಷಕರನ್ನು ಗುಟ್ಟಾಗಿ ಪಡುವಣದಲ್ಲಿ ಇರಿಸಿ. ಬೇರೇನೂ ಬೇಡ."

ಅರಸನು ಎರಡನ್ನೂ ನಡೆಸಿದನು.

ಗಾಯ ಮಾಯಿತು. ಎರೆಯಣ್ಣನು ದಿನವೂ ಗುಡಿಸಲ ಮುಂದೆ ಕುಳಿತು ಆ ಸಾಲನ್ನು ನೋಡುತ್ತಿದ್ದನು. ಹೆಂಡತಿ ಮಾಳವ್ವೆ ಕಲಸಿಕೊಟ್ಟರೆ ಉಣ್ಣುತ್ತಿದ್ದನು. "ನೋಯುತ್ತದೆಯೇ?" ಎಂದರೆ "ಇಲ್ಲ" ಎನ್ನುತ್ತಿದ್ದನು. ಅದು ನಿಜವೇ ಆಗಿತ್ತು. ಸಿಟ್ಟು ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಪುಷ್ಯದಲ್ಲಿ ಗರಿಗಳು ಕಂದಿದವು. ತನ್ನ ಮಾತು ನಿಜವಾಯಿತೆಂಬ ಸಮಾಧಾನವೂ ಅವನಿಗಾಗಲಿಲ್ಲ.

ಮಾಘದ ಒಂದು ಮುಂಜಾವು ಆ ಸಾಲು ಹೊತ್ತಿ ಉರಿಯಿತು. ಬೆಂಕಿ ತಗ್ಗಿದೊಡನೆ ನುಗ್ಗಿದ ನೆರೆರಾಜ್ಯದ ಸೈನ್ಯವನ್ನು ಹೊಂಚಿದ್ದ ಅಂಗರಕ್ಷಕರು ಹಿಮ್ಮೆಟ್ಟಿಸಿದರು. ಪಂಜಿನೊಡನೆ ಸಿಕ್ಕಿಬಿದ್ದ ಆಳುಗಳು ಬಾಚರಸನ ಹೆಸರು ಹೇಳಿದರು.

ಅಂದೇ ಅರಸನು ಬರಿಗಾಲಲ್ಲಿ ಗುಡಿಸಲಿಗೆ ಬಂದನು. "ಹೆಗ್ಗಡೆ, ನನ್ನ ತಪ್ಪಿಗೆ ಏನು ಕೊಡಲಿ?"

"ಉಳಿದ ಮರಗಳಿಗೆ ಮೂರು ವರ್ಷ ಬಿಡುವು ಕೊಡಿ, ಪ್ರಭು. ಬಿದ್ದ ಬೀಜ ಮೊಳೆಯಲಿ."

ಅರಸನು ಒಪ್ಪಿದನು. ಎರೆಯಣ್ಣನು ವಾಡಿಕೆಯಂತೆ ಕೈಮುಗಿಯಹೋದನು. ಎಡಗೈಯೊಂದೇ ಎದೆಯ ಮುಂದೆ ಬಂದು ನಿಂತಿತು. ಅರಸನು ತನ್ನ ಬಲಗೈಯನ್ನು ಅದಕ್ಕೆ ಜೋಡಿಸಿ ತಲೆಬಾಗಿದನು. ನೋಡುತ್ತಿದ್ದ ಮಾಳವ್ವೆ ಬಿಕ್ಕಿ ಬಿಕ್ಕಿ ಅತ್ತಳು. ಎರೆಯಣ್ಣನಿಗೆ ಮಾತ್ರ ಆ ಕೈಯ ಬಿಸುಪು ತಿಳಿಯಲಿಲ್ಲ.