ದೂರು ಬಗೆಹರಿದಿದೆ

“ಮೇಡಂ, ಎರ್ರಿಸ್ವಾಮಿ ಮಾತಾಡ್ತಿರೋದು. ಬಸ್‌ಸ್ಟ್ಯಾಂಡ್ ಹಿಂದ್ಗಡೆ ಊಟದ ಮೆಸ್ಸು. ಚರಂಡಿ ಉಕ್ಕಿ ಬಾಗಿಲಿಗೆ ಬಂದೈತೆ.”

“ನಿನ್ನೆನೂ ಹೇಳಿದ್ರಲ್ಲ?”

“ನಿನ್ನೆ ಮೆಟ್ಟಿಲ ಕೆಳಗಿತ್ತು. ಇವತ್ತು ಒಳಗೆ ಬರ್ತೀನಿ ಅಂತೈತೆ. ಅದಕ್ಕೂ ಒಂದು ಎಲೆ ಹಾಕ್ಲಾ, ಹೇಳ್ರಿ.”

ಶಾಂತಿ ನಕ್ಕುಬಿಟ್ಟಳು.

“ನಗ್ತೀರಾ? ನಗ್ರಿ. ಇಲ್ಲಿ ಮೂಗು ಮುಚ್ಕೊಂಡು ಬದುಕ್ತಾ ಇದೀವಿ, ಕಿವಿಗಾದ್ರೂ ಏನೋ ಚೆಂದದ್ದು ಬೀಳ್ಲಿ.”

ಅವನ ಮುಖವನ್ನು ಅವಳು ಕಂಡಿರಲಿಲ್ಲ. ಆದರೂ ಬೆಳಗಾದರೆ ಆ ಫೋನಿಗಾಗಿ ಕಾಯುವಂತಾಗಿತ್ತು.

ಅದು ೨೦೦೬ರ ಮಾತು. ಪುರಸಭೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಜನ ಫೋನಿನಲ್ಲಿ ದೂರು ಹೇಳಬೇಕು, ಶಾಂತಿ ಟೈಪ್ ಮಾಡಬೇಕು, ಕೆಲಸವಾದ ಮೇಲೆ ‘ಬಗೆಹರಿದಿದೆ’ ಎಂದು ಒತ್ತಬೇಕು. ಚಿತ್ರದುರ್ಗದಲ್ಲಿ ಬಿ.ಎ. ಮುಗಿಸಿದ್ದ ಅವಳು ಹಾಲುರಾಮೇಶ್ವರದ ಕಡೆಯ ಹಳ್ಳಿಯಿಂದ ಬಂದು, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಗುತ್ತಿಗೆಯ ಮೇಲೆ ಕೆಲಸಕ್ಕೆ ಸೇರಿದ್ದಳು.

ಒತ್ತುವುದು ಆಗುತ್ತಿತ್ತು. ಕೆಲಸವೇ ಆಗುತ್ತಿರಲಿಲ್ಲ.

ಸಂಜೆಯಾದರೆ ಮುಖ್ಯಾಧಿಕಾರಿ ಸಾಹೇಬರು ಅವಳ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿದ್ದರು. ಗುಟ್ಕಾವನ್ನು ದವಡೆಯ ಮೂಲೆಗೆ ತಳ್ಳಿ, “ಎಲ್ಲಾ ಕ್ಲೋಸ್ ಮಾಡಮ್ಮ. ಮೇಲಿನೋರು ಪರ್ಸೆಂಟೇಜ್ ನೋಡ್ತಾರೆ” ಎನ್ನುತ್ತಿದ್ದರು. ಆ ಉಸಿರು ಕುತ್ತಿಗೆಗೆ ತಾಗಿದರೆ ಶಾಂತಿಗೆ ಹೇಸಿಗೆಯಾಗುತ್ತಿತ್ತು. ಕಿಟಕಿಯ ಸರಳಿಗೆ, ಗೋಡೆಗೆಲ್ಲ ಕೆಂಪು ಉಗುಳು ಒಣಗಿ ಅಂಟಿತ್ತು. ಅವಳು ಒತ್ತುತ್ತಿದ್ದಳು. ಎರ್ರಿಸ್ವಾಮಿಯ ದೂರನ್ನೂ ಒತ್ತಿ ಮುಚ್ಚುತ್ತಿದ್ದಳು. ಮನೆಗೆ ಹೋಗಿ ಎಷ್ಟು ಸೋಪು ಹಚ್ಚಿ ತೊಳೆದರೂ ಬೆರಳ ತುದಿಯಲ್ಲಿ ಏನೋ ಅಂಟಿಕೊಂಡಂತೆಯೇ ಇರುತ್ತಿತ್ತು.

“ಸುಸ್ತಾದಂಗೆ ಮಾತಾಡ್ತೀರಿ ಇವತ್ತು. ಊಟ ಮಾಡಿದ್ರಾ?” ಎಂದು ಅವನು ಕೇಳಿದ ದಿನವಂತೂ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಆಫ್ರಿಕಾದ ಕೆಲವು ನಗರಗಳ ಅಧಿಕಾರಿಗಳು, ತಮ್ಮೂರಿನ ಆಡಳಿತಕ್ಕೂ ಕಂಪ್ಯೂಟರ್ ತರಬೇಕೆಂದು, ಇಲ್ಲಿನ ವ್ಯವಸ್ಥೆ ನೋಡಲು ಬರುತ್ತಾರಂತೆ. ಗೋಡೆಗೆ ಸುಣ್ಣವಾಯಿತು, ಉಗುಳಿನ ಮೇಲೆಯೇ.

ಸಾಹೇಬರು ಅವಳನ್ನು ಕರೆದರು. “ಅತಿಥಿಗಳ ಎದುರು ಆ ಮೆಸ್ಸಿನೋನಿಗೆ ಫೋನ್ ಹಚ್ಚು. ದಿನಾ ಗೋಳು ಹುಯ್ಯೋನ ಬಾಯಲ್ಲೇ ‘ಸರಿಯಾಗೈತೆ’ ಅಂತ ಬಂದ್ರೆ ಅದರ ತೂಕಾನೇ ಬೇರೆ.”

“ಸರಿಯಾಗಿಲ್ವಲ್ಲ ಸರ್.”

“ನೀನು ಮೊದ್ಲೇ ಹೇಳಿಡು. ನಿನ್ನ ಮಾತು ಮೀರಲ್ಲ ಅವನು.” ಅವರು ಕಣ್ಣು ಮಿಟುಕಿಸಿದರು. “ಆಫೀಸಿಗೆಲ್ಲಾ ಗೊತ್ತೈತೆ ಬಿಡಮ್ಮ.”

ಶಾಂತಿ ಯಾರಿಗೂ ಹೇಳದೆ ಎದೆಯಲ್ಲಿಟ್ಟುಕೊಂಡಿದ್ದ ಒಂದೇ ಒಂದು ಚೆಂದದ ಸಂಗತಿಯನ್ನು ಈ ಬಾಯಿ ಜಗಿದು ಉಗಿದಂತಾಯಿತು. ಆದರೆ ಹೆದರಿಕೆಯಿತ್ತು, ಕೆಲಸ ಬೇಕಿತ್ತು. ಫೋನ್ ಮಾಡಿದಳು.

“ನನಗೋಸ್ಕರ ಸರಿಯಾಗೈತೆ ಅನ್ರಿ,” ಎಂದಳು.

“ನಿಮಗೋಸ್ಕರನಾ?” ಅವನ ದನಿ ಹಿಗ್ಗಿತು. “ಹಂಗಾದ್ರೆ ಅಂತೀನಿ.”

ಮರುದಿನ ಅತಿಥಿಗಳು ಬಂದರು. ಅವರಲ್ಲಿ ಉಗಾಂಡಾದ ನಕಾಟೋ ಎಂಬ ನಡುವಯಸ್ಸಿನ ಹೆಂಗಸು ಶಾಂತಿಯ ಪಕ್ಕದಲ್ಲೇ ಕುಳಿತರು. ಸ್ಪೀಕರಿನಲ್ಲಿ ಎರ್ರಿಸ್ವಾಮಿಯ ದನಿ ಕೋಣೆಯನ್ನು ತುಂಬಿತು.

“ಹ್ಞೂಂ ಮೇಡಂ, ಸರಿಯಾಗೈತೆ. ಬಾಳ ಚೆನ್ನಾಗಿ ಕ್ಲೀನ್ ಮಾಡ್ಯಾರೆ.”

ಸಾಹೇಬರು ಅದನ್ನು ಇಂಗ್ಲಿಷಿನಲ್ಲಿ ಹೇಳಿದೊಡನೆ ಚಪ್ಪಾಳೆ ಬಿತ್ತು. ಆ ಸುಳ್ಳಿನಲ್ಲಿದ್ದ ಪ್ರೀತಿ ಅವಳಿಗೆ ಮಾತ್ರ ಕೇಳಿಸಿತು. ಅದನ್ನು ಇನ್ನು ತಡೆದುಕೊಳ್ಳಲಾಗಲಿಲ್ಲ.

“ಎರ್ರಿಸ್ವಾಮಿಯವ್ರೇ, ಸುಳ್ಳು ಹೇಳ್ಬ್ಯಾಡ್ರಿ. ನಿಮ್ಮ ಬಾಗಿಲಲ್ಲಿ ಈಗ ಏನೈತೆ?”

“ಹೇಲು ರೀ,” ಎಂದಿತು ದನಿ.

ಸಾಹೇಬರು ಫೋನಿನತ್ತ ಕೈ ಚಾಚಿದರು. ಶಾಂತಿ ನಕಾಟೋ ಅವರತ್ತ ತಿರುಗಿ, ತನಗೆ ಬಂದ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಅವರು ಚಪ್ಪಾಳೆ ತಟ್ಟಿದ್ದ ತಮ್ಮ ಕೈಗಳನ್ನೇ ಒಮ್ಮೆ ನೋಡಿಕೊಂಡು, “ಆ ಬೀದಿ ತೋರಿಸು,” ಎಂದು ಎದ್ದರು.

ಬೀದಿಯಲ್ಲಿ ಕಪ್ಪು ನೀರಿನ ಮೇಲೆ ಹುಳು ಮಿಜಿಮಿಜಿ ಎನ್ನುತ್ತಿತ್ತು. ಒಂದು ಹಂದಿ ಹೊಟ್ಟೆಯವರೆಗೂ ಮುಳುಗಿ ಮಲಗಿತ್ತು. ಖಾಲಿ ಮೆಸ್ಸಿನ ಮುಂದೆ, ಬ್ಲೀಚಿಂಗ್ ಪುಡಿ ಮೆತ್ತಿದ ಕೈಯಲ್ಲಿ ಪೊರಕೆ ಹಿಡಿದು ಒಬ್ಬ ಸಣಕಲ ಯುವಕ ನಿಂತಿದ್ದ. “ಎರ್ರಿಸ್ವಾಮಿಯವ್ರೇ,” ಎಂದ ಅವಳ ದನಿ ಗುರುತಿಸಿದವನೇ ಪೊರಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

“ನೀವೇನಾ?”

“ನಾನೇ. ನಿಮ್ಮ ದೂರು ದಿನಾ ಮುಚ್ತಾ ಇದ್ದಿದ್ದೂ ನಾನೇ.”

ಅರಳಿದ್ದ ಮುಖ ನಿಧಾನವಾಗಿ ಕಂದಿತು. “ನಾನು ಅಷ್ಟು ನಂಬಿ ಹೇಳ್ಕೊಂತಿದ್ದೆ... ನೀವು ಒರೆಸಿ ಹಾಕ್ತಿದ್ರಾ?” ಎಂದವನು ಅವಳತ್ತ ನೋಡದೆ ಒಳಗೆ ಹೋದ. ಆ ಬೀದಿಯ ನಾತಕ್ಕಿಂತ ಅದೇ ಅವಳ ಕಣ್ಣಲ್ಲಿ ನೀರು ತರಿಸಿತು.

ಅಂದೇ ಅವಳ ಕೆಲಸ ಹೋಯಿತು. ಅತಿಥಿಗಳು ಇನ್ನೂ ಊರಲ್ಲಿದ್ದರಿಂದ ಅಂದೇ ಚರಂಡಿಯ ಹೂಳೂ ಹೋಯಿತು.

ಕೆಲವು ದಿನ ಅವಳು ಚಿಕ್ಕಮ್ಮನ ಮನೆಯಿಂದ ಹೊರಗೆ ಬರಲಿಲ್ಲ. ಒಂದು ಮಧ್ಯಾಹ್ನ ತಡೆಯಲಾಗದೆ ಮೆಸ್ಸಿಗೆ ಹೋದಳು. ಹಿರಿಯೂರು ಬಸ್ಸು ಕಾಯುವವರು ಅಲ್ಲಿ ಉಣ್ಣುತ್ತಿದ್ದರು. ಎರ್ರಿಸ್ವಾಮಿ ಅವಳನ್ನು ನೋಡಿ, ಏನು ಮಾಡಬೇಕೋ ತಿಳಿಯದೆ, ಒರೆಸಿದ್ದ ಟೇಬಲ್ಲನ್ನೇ ಮತ್ತೆ ಒರೆಸಿದ.

“ಕುಂತ್ಕಳ್ರಿ.”

ಎಲೆ ಹಾಕಿದ, ಮುದ್ದೆ ಇಟ್ಟ, ಸಾರು ಬಿಟ್ಟ. ಅವಳು ತಲೆ ತಗ್ಗಿಸಿದ್ದಳು.

“ನನ್ನ ಮೇಲೆ ಅಸಹ್ಯ ಹುಟ್ಟಿರ್ಬೇಕು ನಿಮಗೆ.”

“ಹುಟ್ಟಿತ್ತು. ಆಮೇಲೆ ಯೋಚನೆ ಮಾಡ್ದೆ. ನಾನೂ ಎಲ್ರ ಎದುರಿಗೆ ಸುಳ್ಳು ಹೇಳ್ದೋನೇ. ನಿಜ ಮಾತಾಡಿದ್ದು ನೀವೊಬ್ರೇ, ಅದೂ ಅನ್ನ ಕಳ್ಕೊಂಡು.” ಅವನು ಸಾರಿನ ಬಕೆಟ್ಟು ಕೆಳಗಿಟ್ಟ. “ನೀವು ಬರ್ತೀರೇನೋ ಅಂತ ದಿನಾ ಬಾಗಿಲು ನೋಡ್ತಿದ್ದೆ ರೀ.”

ಶಾಂತಿಯ ಕೆನ್ನೆ ಬಿಸಿಯಾಯಿತು. ಅವಳು ಅವಸರದಲ್ಲಿ ಒಂದು ತುತ್ತು ನುಂಗಿದಳು.

“ಹೆಂಗೈತೆ?” ಎಂದು ಕೇಳಿದ.

“ಉಪ್ಪು ಜಾಸ್ತಿ.”

ಅವನು ದೊಡ್ಡದಾಗಿ ನಕ್ಕ. ಉಣ್ಣುತ್ತಿದ್ದವರು ತಿರುಗಿ ನೋಡಿದರು.

“ನಾಳೆ ಸರಿ ಮಾಡ್ತೀನಿ.”

“ನಾಳೆ ಬಂದು ನೋಡ್ತೀನಿ. ಸರಿಯಾಗದಿದ್ರೆ ನಾಡಿದ್ದೂ ಬಂದು ಹೇಳ್ತೀನಿ.”

“ಎಲ್ಲೀವರೆಗೂ?”

ಅವಳು ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. “ಸರಿಯಾಗೋವರೆಗೂ.”

“ಹಂಗಾದ್ರೆ,” ಎಂದ ಎರ್ರಿಸ್ವಾಮಿ, ದನಿ ತಗ್ಗಿಸಿ, “ಜನ್ಮಪೂರ್ತಿ ಉಪ್ಪು ಜಾಸ್ತಿನೇ ಹಾಕ್ತೀನಿ ಬಿಡ್ರಿ.”