ಒರೆಸದ ನೆನಪು

ಚೆಸ್ ಪರೀಕ್ಷಕ ಕುರ್ಚಿಯಲ್ಲೇ ಸತ್ತಿದ್ದ. ಕುತ್ತಿಗೆಗೆ ಮೌಸಿನ ವೈರು. ಪಕ್ಕದಲ್ಲಿ ಮಧ್ಯಾಹ್ನ ಉಂಡು ಬಿಟ್ಟ ತಟ್ಟೆ. ಎದುರಿನ ಕಂಪ್ಯೂಟರು ಮಾತ್ರ ಯಜಮಾನನ ಪರಿವೆಯಿಲ್ಲದೆ ಗೆಲ್ಲುವ ನಡೆ ತೋರಿಸುತ್ತಿತ್ತು.

ಅವನ ಕಸುಬೇ ಅದು. ಚೆಸ್ ಆಡುವ ಪ್ರೋಗ್ರಾಂಗಳ ಮುಂದೆ ಬ್ರಹ್ಮನೂ ಬೆವರುವಂಥ ಸಮಸ್ಯೆ ಇಡುವುದು, ಉತ್ತರಕ್ಕೆ ಎಷ್ಟು ಹೊತ್ತು ತಿಣುಕುತ್ತವೆ ಎಂದು ನೋಡುವುದು.

ಕಂಪ್ಯೂಟರಿನ ದಾಖಲೆಯ ಪ್ರಕಾರ ಕೊನೆಯ ಪರೀಕ್ಷೆ ನಡೆದದ್ದು ಮುಸ್ಸಂಜೆ. ಅಂದರೆ ಆಗ ಅವನು ಬದುಕಿದ್ದ. ಅಷ್ಟರಲ್ಲಿ ಹೆಂಡತಿ ಕೆಲಸದಿಂದ ಬಂದಾಗಿತ್ತು; ಜಗಳದ ಮುನಿಸಿಗೆ ರಾತ್ರಿಯವರೆಗೂ ಅವನ ಕೋಣೆಗೆ ಕಾಲಿಟ್ಟಿರಲಿಲ್ಲ ಎಂದಳು. ಆಮೇಲೆ ಮನೆಗೆ ನೊಣವೂ ಹೊಕ್ಕಿಲ್ಲ ಎಂದರು ಎದುರುಮನೆಯವರು.

ಹೆಂಡತಿಯನ್ನು ಠಾಣೆಗೆ ಕರೆತಂದರು.

*

"ಗಂಡ ಹೆಂಡ್ತಿ ದಿನಾ ಹಾವು ಮುಂಗುಸಿ, ಮೇಡಂ," ಎಂದ ಮಿಂಚಣ್ಣ. ಆ ಕಂಪ್ಯೂಟರಿನಲ್ಲಿದ್ದ ಪ್ರೋಗ್ರಾಂ ಬರೆದವನು, ಸತ್ತವನ ಗೆಳೆಯ. ತನ್ನ ಪ್ರೋಗ್ರಾಂ ಮಿಂಚಿನ ಹಾಗೆ ಉತ್ತರ ಕೊಡುತ್ತದೆಂದು ಕಂಡಕಂಡವರ ಕಿವಿ ತೂತು ಮಾಡಿ ಪಡೆದ ಹೆಸರು. "ಸಂಜೆ ನಾನು ಕ್ಲಬ್ಬಲ್ಲಿದ್ದೆ. ಹತ್ತಾರು ಜನ ನೋಡಿದಾರೆ."

ನೋಡಿದ್ದು ನಿಜ.

ಇನ್ಸ್‌ಪೆಕ್ಟರಮ್ಮ ಹೆಂಡತಿಯ ಎದುರು ಕೂತಳು.

"ಯಾಕಮ್ಮ ಜಗಳ?"

"ತಟ್ಟೆ ಎತ್ತಿಡ್ತಿರ್ಲಿಲ್ಲ. ಬೆಟ್ಟದಷ್ಟು ಎಂಜಲು ತಟ್ಟೆ ತೊಳ್ದಿದೀನಿ. ಆದ್ರೆ ಆ ಮಿಷನ್ನಿಗೆ ಎಂಥಾ ಮಡಿ ಅಂತೀರಿ. ಪ್ರತಿ ಸಲ ಅದರ ನೆನಪು ಒರೆಸ್ದೆ ಸಮಸ್ಯೆ ಇಡ್ತಿರ್ಲಿಲ್ಲ. ಇಲ್ದಿದ್ರೆ ಹಳೇ ಉತ್ತರಾನೇ ಒಪ್ಪಿಸ್ತದಂತೆ."

ಇನ್ಸ್‌ಪೆಕ್ಟರಮ್ಮ ಎದ್ದು ನಿಂತಳು.

*

"ಮಧ್ಯಾಹ್ನ ನಿಮ್ಮ ಪ್ರೋಗ್ರಾಂ ಈ ಸಮಸ್ಯೆ ಬಿಡಿಸೋಕೆ ಅನ್ನ ಬೆಂದು ಸೀಯುವಷ್ಟು ಹೊತ್ತು ತಗೊಂಡಿದೆ," ಎಂದಳು ಮಿಂಚಣ್ಣನಿಗೆ. "ಮುಸ್ಸಂಜೆ ಅದೇ ಸಮಸ್ಯೆ, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಯಾಕೆ?"

"ಮಿಂಚು ಮೇಡಂ ಅದು."

"ಮಿಂಚಲ್ಲ, ಉರು ಹೊಡೆದ ಪಾಠ. ಯಾರೋ ನೆನಪು ಒರೆಸ್ದೆ ಮತ್ತೆ ಓಡಿಸಿದಾರೆ. ಸತ್ತವರು ಹಾಗೆ ಮಾಡೋರಲ್ಲ. ಅಂದ್ರೆ ಆ ಹೊತ್ತಿಗೆ ಅವರಿರ್ಲಿಲ್ಲ."

ಮಿಂಚಣ್ಣ ನೀರು ಕೇಳಿದ.

"ನಿಮ್ಮ ಅಭ್ಯಾಸವೇ ಅದು. ಒರೆಸ್ದೆ ಎರಡನೇ ಸಲ ಓಡಿಸಿ ಮಿಂಚು ಮಿಂಚು ಅಂತ ಮೆರೆದ್ರಿ. ಗೆಳೆಯ ಕಂಡುಹಿಡಿದ್ರು. ನಾಲ್ಕು ಜನರಿಗೆ ಹೇಳ್ತೀನಿ ಅಂದ್ರು. ಮಧ್ಯಾಹ್ನ ಮುಗಿಸಿದ್ರಿ. ಸಂಜೆ ಕ್ಲಬ್ಬಲ್ಲಿ ಕೂತು ಮೊಬೈಲಿಂದ ಆ ಕಂಪ್ಯೂಟರ್ ಓಡಿಸಿದ್ರಿ. ಮೊಬೈಲ್ ಆಗಲೇ ಬಾಯಿ ಬಿಟ್ಟಿದೆ."

"ಎಲ್ರೆದುರು ನನ್ನನ್ನ ಸುಳ್ಳ ಮಾಡೋನಿದ್ದ," ಎಂದ ಮಿಂಚಣ್ಣ, ಲೋಟದೊಳಕ್ಕೆ ನೋಡುತ್ತ. "ಹತ್ತು ವರ್ಷದ ಗೆಳೆಯ."

*

ಹೆಂಡತಿಯನ್ನು ಬಿಟ್ಟರು. ಬಾಗಿಲಲ್ಲಿ ಅವಳು ತಿರುಗಿ ನಿಂತಳು.

"ಮೇಡಂ, ಆ ತಟ್ಟೆ ಮುಟ್ಟಬೇಡಿ ಅಂದಿದ್ರಿ."

"ಇನ್ನು ತೊಳೀಬಹುದಮ್ಮ."

"ಇರ್ಲಿ ಬಿಡಿ," ಎಂದಳು. "ಅಲ್ಲೇ ಇರ್ಲಿ."