ಸುಳ್ಳು ಬಂಡೆ, ಖರೇ ಮಾತು

"ಬ್ರಷ್ ಕೆಳಗಿಡ್ರೀ."

ಹಿಂದಿನಿಂದ ಬಂದ ಕೈಯೊಂದು ನನ್ನ ಬ್ರಷ್ ಕಿತ್ತುಕೊಂಡಿತು. ತಿರುಗಿದರೆ ಒಬ್ಬ ಹುಡುಗಿ, ಹೆಗಲಿಗೆ ಬ್ಯಾಗು, ಮೂಗಿನ ತುದಿಯಲ್ಲಿ ಸಿಟ್ಟು.

"ಎರಡು ಸಾವಿರ ವರ್ಷದ ಕಲ್ಲಿಗೆ ಬಣ್ಣ ಬಳಿಯಾಕತ್ತೀರಲ್ಲ, ನಾಚಿಕಿ ಬರಂಗಿಲ್ಲೇನು?"

ನಾನು ಬಂಡೆಯನ್ನು ಬೆರಳಿನಿಂದ ಬಡಿದೆ. ಖಾಲಿ ಡಬ್ಬಿಯಂತೆ ಡಬಡಬ ಎಂದಿತು. ಅಶೋಕನ ಸಿನಿಮಾಕ್ಕೆಂದು ಮಸ್ಕಿ ಗುಡ್ಡದ ಕೆಳಗೆ ನಾವೇ ಮಾಡಿದ ಪ್ಲಾಸ್ಟರ್ ಬಂಡೆ. ಅಸಲಿ ಶಾಸನ ಅತ್ತ ಗುಡ್ಡದಲ್ಲಿ ಕಂಬಿಯ ಹಿಂದೆ ಆರಾಮಾಗಿತ್ತು. ಅವಳ ಸಿಟ್ಟು ಹೋಗಿ ನಗು ಬಂತು. ಆ ನಗುವಿಗೆ ನಾನು ಅಲ್ಲೇ ಫಿದಾ.

ಹೆಸರು ಅಂಬಿಕಾ. ನಮ್ಮೂರ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ, ದಿನಾ ಲಿಂಗಸುಗೂರಿನಿಂದ ಬಸ್ಸಿನಲ್ಲಿ ಬರುವವಳು. ನಾನು ವೀರೇಶ. ಅಂಗಡಿ ಬೋರ್ಡು ಬರೆಯುವವನು. ಓದು ಎಸ್ಸೆಸ್ಸೆಲ್ಸಿಗೇ ನಿಂತಿತ್ತು.

ಬಂಡೆಗೆ ಏನು ಬರೆಯುತ್ತೀರಿ ಎಂದು ಕೇಳಿದಳು. ಡೈರೆಕ್ಟರ್ ಕೊಟ್ಟ ಚೀಟಿ ತೋರಿಸಿದೆ: 'ಈ ನೆಲ ನನ್ನದು, ತಲೆ ಬಾಗಿ.' ಯಾವುದಾದರೂ ಹಳೇ ಅಕ್ಷರದಲ್ಲಿ ಬರೆ ಎಂದಿದ್ದ. ಅವಳು ಹಣೆ ಚಚ್ಚಿಕೊಂಡಳು. ಅಶೋಕ ಇಲ್ಲಿ ಬರೆಸಿದ್ದೇ ಬೇರೆ ಅಂತೆ. ಧರ್ಮ ಹಿಡಿದು ನಡೆದರೆ ದೊಡ್ಡ ಗುರಿ ಸಣ್ಣವರಿಗೂ ಸಿಗುತ್ತದೆ, ದೊಡ್ಡವರಿಗೆ ಮಾತ್ರ ಅಂದುಕೊಳ್ಳಬೇಡಿ ಎಂದು.

"ಅದಕ್ಕ ಯಾರು ಸೀಟಿ ಹೊಡೀತಾರ ರೀ? ಸಿನಿಮಾ ಅಂದ್ರ ಮಜಾ ಇರಬೇಕು," ಎಂದೆ.

"ಖರೇ ಮಾತಿಗೂ ಸೀಟಿ ಬೀಳ್ತಾವ. ಪಂದ್ಯ ಕಟ್ರಿ."

ಮುಂದಿನ ನಾಲ್ಕು ದಿನ, ಸಂಜೆ ಬಸ್ಸು ಬರುವ ತನಕ, ಅವಳು ನನಗೆ ಬ್ರಾಹ್ಮಿ ಅಕ್ಷರ ಕಲಿಸಿದಳು. ನನ್ನ ಸೊಟ್ಟ ಗೆರೆ ನೋಡಿ ತುಟಿ ಕಚ್ಚಿ ನಗು ತಡೆಯುವಳು. ಅದನ್ನು ನೋಡಲೆಂದೇ ನಾನು ಬೇಕಂತ ತಪ್ಪು ಬರೆಯುತ್ತಿದ್ದೆ. ಕೊನೆಗೆ ಚೀಟಿ ಜೇಬಿಗಿಟ್ಟು, ಅಸಲಿ ಮಾತನ್ನೇ ಬಂಡೆಗೆ ಇಳಿಸಿದೆ. ಡೈರೆಕ್ಟರಿಗೆ ಓದಲು ಎಲ್ಲಿ ಬರುತ್ತಿತ್ತು?

ಶೂಟಿಂಗ್ ದಿನ ಅಂಬಿಕಾಳೂ ನೋಡಲು ಬಂದಿದ್ದಳು. ಅಶೋಕನ ವೇಷದ ಹೀರೊ ಕತ್ತಿ ಎತ್ತಿ "ಈ ನೆಲ ನನ್ನದು" ಎಂದು ಗುಡುಗಿದ. ಸೈನಿಕರ ವೇಷದ ನಮ್ಮೂರ ಇನ್ನೂರು ಜನ ಜೈಕಾರ ಹಾಕಬೇಕಿತ್ತು. ಕಿಸಕ್ಕನೆ ನಕ್ಕರು. ಮೂರು ಟೇಕಿಗೂ ಅದೇ ಕಥೆ. ಈಟಿ ಹಿಡಿದಿದ್ದ ಹೋಟೆಲ್ ಪಂಪಣ್ಣ ಹೇಳಿಯೇಬಿಟ್ಟ.

"ಸಾಹೇಬ್ರ, ಸಾಲಿಗೆ ಹೋಗುವಾಗಿಂದ ಆ ಕಲ್ಲು ನೋಡೀವಿ, ಅದರ ಅರ್ಥಾನೂ ಕೇಳೀವಿ. ಅದ್ರಾಗ ಹಂಗ ಬರ್ದಿಲ್ಲ."

ಡೈರೆಕ್ಟರ್ ಕೆಂಡವಾದ. ಈಗ ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ಬಿಡದಿದ್ದರೆ ಅವಳ ಮುಖ ನೋಡಲಾಗುವುದಿಲ್ಲ. ಈ ಬಂಡೆಯಲ್ಲೂ ಹಾಗೆ ಬರೆದಿಲ್ಲ, ಅಸಲಿ ಮಾತು ಬರೆದವನು ನಾನೇ ಎಂದುಬಿಟ್ಟೆ. ಅವನು ಗದರುವ ಮೊದಲೇ ಅಂಬಿಕಾ ಮುಂದೆ ಬಂದು ಓದಿ, ಅರ್ಥ ಹೇಳಿದಳು. ಹೀರೊ ಕತ್ತಿ ಕೆಳಗಿಟ್ಟು, ಇನ್ನೊಂದು ಟೇಕ್ ಎಂದ.

"ಇದು ದೊಡ್ಡವರಿಗಷ್ಟೇ ಅಲ್ಲ," ಎಂದ ಕ್ಯಾಮೆರಾದ ಮುಂದೆ ಮೆಲ್ಲಗೆ. "ಸಣ್ಣವರಿಗೂ ಸಿಗುತ್ತದೆ."

ಈಟಿ, ಗುರಾಣಿ ಎಲ್ಲ ಮೇಲೆದ್ದವು, ಗುಡ್ಡ ಅದುರುವಂತೆ ಕೂಗು ಬಿತ್ತು. ಮೊದಲ ಸೀಟಿ ಮಾತ್ರ ನನ್ನದು. ಡೈರೆಕ್ಟರ್ ಮಾನಿಟರ್ ಬಿಟ್ಟು ಕಣ್ಣೆತ್ತಲಿಲ್ಲ. ಇದೇ ಇರಲಿ ಎಂದ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವಳು "ಸೋತ್ರಿ" ಎಂದಳು.

"ಸೋತೆ ರೀ. ಸಣ್ಣವರಿಗೂ ಸಿಗ್ತೈತಿ ಅಂತ ನನ್ನ ಕೈಲೇ ಬರಸೀರಿ. ಬೋರ್ಡು ಬರಿಯಾವನಿಗೂ ಅದು ಲಾಗೂ ಆಗ್ತೈತೇನು? ನನಗ ನೀವು ಬೇಕು."

ಲಿಂಗಸುಗೂರು ಬಸ್ಸು ಬಂತು. ಕಂಡಕ್ಟರ್ ಎರಡು ಸಲ ಕರೆದ. ಅವಳು ಹತ್ತಲಿಲ್ಲ. ನನ್ನ ಬೆರಳಿಗೆ ಅಂಟಿದ್ದ ಬಣ್ಣವನ್ನು ಸೆರಗಿನಿಂದ ಒರೆಸಿದಳು.

"ಇನ್ನೊಮ್ಮೆ ಸಣ್ಣವ ಅಂದ್ರ, ಬ್ರಷ್ ಕಿತ್ಗೊಂತೀನಿ ನೋಡು."

ಮುಂದಿನ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ನಾನು ಅಲ್ಲೇ ನಿಂತು ಎರಡನೇ ಸೀಟಿ ಹೊಡೆದೆ.